ಲ್ಯಾಂಬ್ಟನ್ನನ ಥಿಯೊಡೊಲೈಟು: 1808ರ ತಂಜಾವೂರಿನ ಅವಘಡವೂ ಸಂಕಟಕಾಲದ ಕಾರ್ಯಕುಶಲತೆಯೂ

ಸಂಕಟ ಒದಗಿದಾಗ ಮನುಷ್ಯನು ತನ್ನ ಕೆಲಸವನ್ನು ಹೇಗೆ ನಿರ್ವಹಿಸಿದನೆಂಬ ಪ್ರಶ್ನೆಗೆ ನಮ್ಮ ಇತಿಹಾಸಗ್ರಂಥಗಳು ಬಹುಮಟ್ಟಿಗೆ ರಣರಂಗದಿಂದಲೇ ನಿದರ್ಶನಗಳನ್ನು ಆರಿಸಿಕೊಳ್ಳುತ್ತವೆ. ಕೋಟೆಯ ಗೋಡೆ ಬಿರಿದಾಗ ಎದೆಗೊಟ್ಟು ನಿಂತ ದಳವಾಯಿ, ಸೈನ್ಯ ಚದುರಿದಾಗ ಅದನ್ನು ಮತ್ತೆ ಕೂಡಿಸಿದ ಸೇನಾಪತಿ, ಇಂಥವರ ವೃತ್ತಾಂತಗಳಿಗೆ ಕೊರತೆಯಿಲ್ಲ. ಆದರೆ ದಿನದಿನದ ಉದ್ಯೋಗದ ನಡುವೆ, ಶತ್ರುವೆಂಬವನು ಯಾರೂ ಇಲ್ಲದೆಡೆಯಲ್ಲಿ, ಒಂದು ಹಗ್ಗ ಹರಿದು ಹಲವು ವರ್ಷಗಳ ಶ್ರಮವೆಲ್ಲ ವ್ಯರ್ಥವಾಗುವ ಸಂಭವ ಬಂದಾಗ ಒಬ್ಬನು ಹೇಗೆ ವರ್ತಿಸಿದನೆಂಬುದನ್ನು ವಿಚಾರಿಸಿದವರು ವಿರಳ. ಅಂಥ ಒಂದು ಸಂದರ್ಭವನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. ಸಂದರ್ಭವು ನಡೆದುದು ತಂಜಾವೂರಿನಲ್ಲಿ, 1808ರಲ್ಲಿ. ಅದರ ನಾಯಕನು ಭಾರತದ ತ್ರಿಕೋನಮಿತಿ ಮೋಜಣಿಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್. ಈ ಮೋಜಣಿಯ ಮೊದಲ ರೇಖೆ ಎಳೆಯಲ್ಪಟ್ಟುದು ಬೆಂಗಳೂರಿನ ಬಯಲಿನಲ್ಲಿಯಾದುದರಿಂದ ಕರ್ನಾಟಕದ ಚರಿತ್ರೆಯ ವಿದ್ಯಾರ್ಥಿಗಳಿಗೂ ಈ ವಿಷಯವು ಹೊರಗಿನದಲ್ಲ.

1

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯವನು. ಸೈನ್ಯದಲ್ಲಿದ್ದುಕೊಂಡು ಉತ್ತರ ಅಮೆರಿಕದಲ್ಲಿ ಹಲವು ವರ್ಷ ಕಳೆದನು. ಅಲ್ಲಿಯೇ ಸ್ವಂತ ಪರಿಶ್ರಮದಿಂದ ಗಣಿತವನ್ನೂ ಭೂಮಾಪನಶಾಸ್ತ್ರವನ್ನೂ ಅಭ್ಯಸಿಸಿದನು. ಅಮೆರಿಕದಲ್ಲಿ ಸೂರ್ಯಗ್ರಹಣವನ್ನು ನೋಡಲು ಹೋಗಿ ಅವನ ಒಂದು ಕಣ್ಣಿನ ದೃಷ್ಟಿ ಕೆಟ್ಟಿತು. ಮುಂದೆ ಜೀವನವನ್ನೆಲ್ಲ ದೂರದರ್ಶಕದ ಮುಂದೆಯೇ ಕಳೆದವನು ಒಂದೇ ಕಣ್ಣಿನಿಂದ ಆ ಕಾರ್ಯ ನಡೆಸಿದನೆಂಬುದು ಸ್ಮರಣೀಯ. ಆರ್ಥರ್ ವೆಲ್ಲೆಸ್ಲಿಯ 33ನೆಯ ಪದಾತಿದಳದೊಡನೆ ಭಾರತಕ್ಕೆ ಬಂದ ಅವನು 1799ರ ಮೈಸೂರು ಯುದ್ಧದಲ್ಲಿ ಸೇನಾನಿ ಬೇರ್ಡನ ಅಧೀನದಲ್ಲಿದ್ದನು.

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪದಲ್ಲಿ ನಡೆದುದೆಂದು ಹೇಳಲಾಗುವ ಒಂದು ಪ್ರಸಂಗವನ್ನು ಇಲ್ಲಿ ಉಲ್ಲೇಖಿಸಬಹುದು. ಬೇರ್ಡನ ತುಕಡಿಯು ರಾತ್ರಿಯ ವೇಳೆ ಒಂದು ತೋಪನ್ನು ಶೋಧಿಸಿ ಪಾಳೆಯಕ್ಕೆ ಹಿಂದಿರುಗುತ್ತಿದ್ದಿತು. ಲ್ಯಾಂಬ್ಟನ್ ಆಕಾಶವನ್ನು ನೋಡಿ, ನಾವು ಹೋಗಬೇಕಾದುದು ಉತ್ತರಕ್ಕೆ, ಆದರೆ ದಕ್ಷಿಣಕ್ಕೆ, ಎಂದರೆ ಟಿಪ್ಪುವಿನ ಸೈನ್ಯದ ಕಡೆಗೆ ನಡೆಯುತ್ತಿದ್ದೇವೆಂದು ತಿಳಿಸಿದನು. ನಕ್ಷತ್ರಗಳನ್ನು ಕೇಳಿ ದಾರಿ ನಡೆಯಬೇಕಾದ ಅಗತ್ಯ ತನಗಿಲ್ಲವೆಂಬ ಭಾವದಿಂದ ಬೇರ್ಡನು ಮೊದಲು ಆ ಮಾತನ್ನು ಉಪೇಕ್ಷಿಸಿದನು. ಅನಂತರ ದಿಕ್ಸೂಚಿಯನ್ನು ನೋಡಲಾಗಿ ನಕ್ಷತ್ರಗಳ ಸಾಕ್ಷ್ಯವೇ ನಿಜವಾಯಿತು. ಎಲ್ಲರೂ ತಮ್ಮ ತಮ್ಮ ಊಹೆಯನ್ನು ನಂಬಿ ನಡೆಯುತ್ತಿದ್ದ ಹೊತ್ತಿನಲ್ಲಿ ಒಬ್ಬನು ಹೊರಗಿನ ಒಂದು ಪ್ರಮಾಣವನ್ನು ಅರಸಿದನೆಂಬುದಷ್ಟೇ ಇಲ್ಲಿನ ವಿಶೇಷ. ಈ ಗುಣವೇ ಒಂಬತ್ತು ವರ್ಷಗಳ ಬಳಿಕ ತಂಜಾವೂರಿನಲ್ಲಿಯೂ ಕಾಣಿಸಿಕೊಂಡಿತು.

2

ಶ್ರೀರಂಗಪಟ್ಟಣದ ಪತನದ ತರುವಾಯ ಇಂಗ್ಲಿಷ್ ಕಂಪನಿಗೆ ವಿಶಾಲವಾದ ಭೂಭಾಗವು ದೊರೆಯಿತು. ಅದರ ನಿಜವಾದ ಅಳತೆ ಮಾತ್ರ ಅವರ ಬಳಿ ಇರಲಿಲ್ಲ. ಕರ್ನಲ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ರಾಜ್ಯದ ಮೋಜಣಿ ಪ್ರಾರಂಭವಾಯಿತು. ಅದೇ ಸಮಯದಲ್ಲಿ ಲ್ಯಾಂಬ್ಟನ್ ಇನ್ನೊಂದು ಯೋಜನೆಯನ್ನು ಸರ್ಕಾರದ ಮುಂದಿಟ್ಟನು. ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ತ್ರಿಕೋನಗಳ ಒಂದು ಜಾಲವನ್ನು ಹೆಣೆದು ಮುಖ್ಯಸ್ಥಳಗಳ ಸ್ಥಾನವನ್ನು ನಿಷ್ಕರ್ಷಿಸುವುದು, ಜೊತೆಗೆ ಭೂಮಿಯ ಆಕಾರವನ್ನು ತಿಳಿಯಲು ನೆರವಾಗುವಂತೆ ಒಂದು ಮಧ್ಯಾಹ್ನರೇಖೆಯ ಭಾಗವನ್ನು ಅಳೆಯುವುದು, ಇವು ಆ ಯೋಜನೆಯ ಉದ್ದೇಶಗಳು. 1800ರ ಫೆಬ್ರುವರಿಯಲ್ಲಿ ಮದರಾಸು ಸರ್ಕಾರದ ಒಪ್ಪಿಗೆ ದೊರೆಯಿತು.

ತ್ರಿಕೋನಮಿತಿಯ ಮೋಜಣಿಯಲ್ಲಿ ನೆಲದ ಮೇಲೆ ಸರಪಣಿ ಹಿಡಿದು ಅಳೆಯುವ ರೇಖೆ ಒಂದೇ. ಅದನ್ನು ಆಧಾರರೇಖೆ ಎನ್ನುತ್ತಾರೆ. ಆ ರೇಖೆಯ ಎರಡು ತುದಿಗಳಿಂದ ದೂರದ ಒಂದು ಗುರುತನ್ನು ನೋಡಿ ಕೋನಗಳನ್ನು ಅಳೆದರೆ ತ್ರಿಕೋನದ ಉಳಿದೆರಡು ಭುಜಗಳು ಲೆಕ್ಕದಿಂದ ದೊರೆಯುತ್ತವೆ. ಆ ಭುಜಗಳ ಮೇಲೆ ಮತ್ತೆ ತ್ರಿಕೋನಗಳು, ಅವುಗಳ ಮೇಲೆ ಇನ್ನಷ್ಟು, ಹೀಗೆ ಜಾಲವು ಹಬ್ಬುತ್ತದೆ. ಎಲ್ಲವೂ ಎರಡು ಸಂಗತಿಗಳನ್ನು ಅವಲಂಬಿಸಿವೆ: ಆಧಾರರೇಖೆ ಸರಿಯಾಗಿರಬೇಕು, ಕೋನಗಳು ಸರಿಯಾಗಿರಬೇಕು. ಲ್ಯಾಂಬ್ಟನ್ ಮೊದಲನೆಯ ಆಧಾರರೇಖೆಯನ್ನು 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಬೆಂಗಳೂರಿನ ಬಳಿ, ಬಾಣಸವಾಡಿಗೂ ಅಗರಕ್ಕೂ ನಡುವೆ, ನೂರು ಅಡಿಯ ಉಕ್ಕಿನ ಸರಪಣಿಯಿಂದ ಅಳೆದನು. ಅದರ ಉದ್ದ ಏಳು ಮೈಲಿಗೂ ಮಿಗಿಲು. ಬಳಿಕ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಸಮೀಪ, ಏಪ್ರಿಲ್ 10ರಿಂದ ಮೇ 22ರವರೆಗೆ, ಸುಮಾರು ಏಳೂವರೆ ಮೈಲಿಯ ಇನ್ನೊಂದು ರೇಖೆಯನ್ನು ಅಳೆದು, ಮಹಾಮೋಜಣಿಯನ್ನು ಅಲ್ಲಿಂದ ಪ್ರಾರಂಭಿಸಿದನು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಣಿಯನ್ನು ಮರದ ತೊಟ್ಟಿಗಳಲ್ಲಿ ಹಾಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿಸಲವೂ ಶಾಖವನ್ನು ಬರೆದುಕೊಂಡು, ನಾನೂರು ಬಾರಿ ಸರಪಣಿ ಹಾಸಬೇಕಾಯಿತು.

1804ರಲ್ಲಿ ಅವನ ಸಹಾಯಕನಾದ ಜಾನ್ ವಾರೆನ್ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದನು. ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಪರಿಶೀಲನೆಯ ಈ ಕ್ರಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮಾಡಿದ ಕೆಲಸವು ಸರಿಯೇ ತಪ್ಪೇ ಎಂಬುದನ್ನು ಆ ಕೆಲಸದಿಂದಲೇ ಹೊರಗೆಡಹುವ ಏರ್ಪಾಡು ಇದರಲ್ಲಿ ಮೊದಲಿನಿಂದಲೂ ಅಡಕವಾಗಿದ್ದಿತು.

3

ಮೋಜಣಿಯ ಮೇಲಿದ್ದ ಒತ್ತಡಗಳು ಹಲವು. ಮೊದಲನೆಯದು ಸರ್ಕಾರದ ಸಂದೇಹ. ಇಷ್ಟು ವೆಚ್ಚದ ಕೆಲಸದಿಂದ ಪ್ರಯೋಜನವೇನೆಂದು ಮದರಾಸಿನ ಹಣಕಾಸಿನ ಅಧಿಕಾರಿಗಳು ಕೇಳುತ್ತಲೇ ಇದ್ದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋವಿಗಳಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯಿಲ್ಲದೆಯೇ ಅವರು ಕರೆದೊಯ್ಯುವರೆಂದು ಅಂಥವರಲ್ಲೊಬ್ಬನು ಆಕ್ಷೇಪಿಸಿದನೆಂಬ ಮಾತು ಮೋಜಣಿಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ದ್ವೀಪಕಲ್ಪದ ಅಗಲವು ಹಿಂದಿನ ನಕ್ಷೆಗಳಲ್ಲಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆಯೆಂದು ಮದರಾಸಿನಿಂದ ಮಂಗಳೂರಿನವರೆಗಿನ ತ್ರಿಕೋನಗಳಿಂದ ಸಿದ್ಧವಾದ ಮೇಲೆ ಆಕ್ಷೇಪಗಳು ತಗ್ಗಿದವು. ಆದರೂ ಅವು ಪೂರ್ತಿ ಅಡಗಲಿಲ್ಲ.

ಎರಡನೆಯ ಒತ್ತಡವು ಉಪಕರಣಗಳಿಗೆ ಸಂಬಂಧಿಸಿದುದು. ಮೊದಲಿನ ಸರಪಣಿಯು ಚೀನದ ಚಕ್ರವರ್ತಿಯ ಬಳಿಗೆ ಹೋಗಿದ್ದ ಲಾರ್ಡ್ ಮೆಕಾರ್ಟ್ನಿಯ ರಾಯಭಾರದ ಸಾಮಗ್ರಿಯಲ್ಲಿ ಸೇರಿದ್ದು, ಅನಂತರ ಕಲಕತ್ತೆಯಲ್ಲಿದ್ದ ಡಾಕ್ಟರ್ ಡಿನ್‌ವಿಡ್ಡಿಯಿಂದ ದೊರೆತದ್ದು. ಕೋನಗಳನ್ನು ಅಳೆಯುವ ಮಹಾ ಥಿಯೊಡೊಲೈಟನ್ನು ಲಂಡನ್ನಿನ ವಿಲಿಯಂ ಕೇರಿ ಎಂಬ ಯಂತ್ರಶಿಲ್ಪಿಯು ನಿರ್ಮಿಸಿದನು. ಅದರ ಸಮತಲವೃತ್ತದ ವ್ಯಾಸ 36 ಅಂಗುಲ. ಯಂತ್ರದ ತೂಕ ಸುಮಾರು ಅರ್ಧ ಟನ್ನು. ಅದನ್ನು ತರುತ್ತಿದ್ದ ಹಡಗನ್ನು ಸಮುದ್ರದಲ್ಲಿ ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ ಅಲ್ಲಿನ ಫ್ರೆಂಚ್ ಅಧಿಕಾರಿಗಳು ಸೌಜನ್ಯದಿಂದ ಅದನ್ನು ಮದರಾಸಿಗೆ ಕಳುಹಿಸಿಕೊಟ್ಟರು. 1802ರ ಸೆಪ್ಟೆಂಬರಿನಲ್ಲಿ ಅದು ಲ್ಯಾಂಬ್ಟನ್ನನ ಕೈಸೇರಿತು. ಅದು ಕೆಟ್ಟರೆ ಇನ್ನೊಂದನ್ನು ತರಿಸಲು ವರ್ಷಗಳೇ ಬೇಕು. ಅಷ್ಟು ಕಾಲ ಸರ್ಕಾರವು ಸುಮ್ಮನೆ ಸಂಬಳ ಕೊಡುತ್ತ ಕಾಯುವುದೆಂಬ ಭರವಸೆಯಿರಲಿಲ್ಲ.

ಈ ಯಂತ್ರದ ಸೂಕ್ಷ್ಮತೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. 36 ಅಂಗುಲ ವ್ಯಾಸದ ವೃತ್ತದ ಅಂಚಿನಲ್ಲಿ ಕೋನದ ಒಂದು ಮಿನಿಟಿಗೆ ದೊರೆಯುವ ಜಾಗ ಒಂದು ಅಂಗುಲದ 190ನೆಯ ಒಂದು ಪಾಲು ಮಾತ್ರ. ಒಂದು ಸೆಕೆಂಡಿಗೆ ಅದರಲ್ಲಿಯೂ 60ನೆಯ ಒಂದು ಪಾಲು. 30 ಮೈಲಿ ದೂರದ ಗುರುತನ್ನು ನೋಡುವಾಗ ಕೋನದಲ್ಲಿ ಒಂದು ಮಿನಿಟಿನಷ್ಟು ತಪ್ಪಾದರೆ ಆ ಗುರುತಿನ ಸ್ಥಾನವು ಸುಮಾರು 46 ಅಡಿ ಆಚೀಚೆ ಸರಿಯುತ್ತದೆ. ಕೂದಲೆಳೆಯಷ್ಟು ಬಾಗಿದರೂ ಯಂತ್ರವು ಎಷ್ಟು ಅನರ್ಥವನ್ನುಂಟುಮಾಡಬಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

4

ಮೈಸೂರು ಸೀಮೆಯಲ್ಲಿ ಸಾವನದುರ್ಗದಂಥ ಬೆಟ್ಟಗಳು ಮೋಜಣಿಗೆ ತಾವಾಗಿ ಒದಗಿದ ನೆಲೆಗಳು. ಕಾವೇರಿಯ ಮುಖಜಭೂಮಿಯಲ್ಲಿ ಆ ಅನುಕೂಲವಿಲ್ಲ. ನೆಲವೆಲ್ಲ ಸಮತಟ್ಟು, ತೆಂಗು ತಾಳೆಗಳ ತೋಪುಗಳು ದೃಷ್ಟಿಗೆ ಅಡ್ಡ. ಆದುದರಿಂದ ದೇವಾಲಯಗಳ ಎತ್ತರದ ಕಟ್ಟಡಗಳೇ ಅಲ್ಲಿ ಅವನಿಗೆ ಬೆಟ್ಟಗಳಾದವು. 1808ರಲ್ಲಿ ತಂಜಾವೂರನ್ನು ತಲುಪಿದಾಗ ರಾಜರಾಜ ಚೋಳನು ಕಟ್ಟಿಸಿದ ಬೃಹದೀಶ್ವರ ದೇವಾಲಯವನ್ನು ಅವನು ಆರಿಸಿಕೊಂಡುದು ಸಹಜವೇ ಆಗಿದೆ. ಆ ಬಯಲಿನಲ್ಲಿ ಇನ್ನೂರು ಅಡಿ ಮೀರಿ ನಿಂತ ಕಟ್ಟಡ ಬೇರೊಂದಿರಲಿಲ್ಲ.

ಥಿಯೊಡೊಲೈಟನ್ನು ಪೆಟ್ಟಿಗೆಯೊಳಗಿಟ್ಟು ಹಗ್ಗ ರಾಟೆಗಳಿಂದ ಮೇಲಕ್ಕೆತ್ತುತ್ತಿದ್ದರು. ಪೆಟ್ಟಿಗೆಯು ಗೋಡೆಗೆ ತಾಗದಂತೆ ಪಕ್ಕಕ್ಕೆ ಎಳೆದು ಹಿಡಿದಿದ್ದ ಹಗ್ಗವು ನಡುವೆ ಹರಿಯಿತು. ಯಂತ್ರವು ತೂಗಾಡಿ ಕಲ್ಲುಗೋಡೆಗೆ ಅಪ್ಪಳಿಸಿತು. ಪೆಟ್ಟು ಬಿದ್ದುದು ವೃತ್ತದ ತಿರುಪಿನ ಭಾಗಕ್ಕೆ. ಅದರ ಪರಿಣಾಮವಾಗಿ ಅಳತೆಯ ಮನೆಗಳನ್ನು ಕೊರೆದ ಆ ಮಹಾವೃತ್ತವೇ ಸೊಟ್ಟಗಾಯಿತು. ಯಂತ್ರದಲ್ಲಿ ಬೇರಾವ ಭಾಗ ಮುರಿದಿದ್ದರೂ ಬದಲಿಸಬಹುದಾಗಿದ್ದಿತು. ವೃತ್ತವು ಬಾಗಿತೆಂದರೆ ಯಂತ್ರದ ಪ್ರಾಣವೇ ಹೋದಂತೆ.

ಆಗ ಲ್ಯಾಂಬ್ಟನ್ನನ ವಯಸ್ಸು ಐವತ್ತನ್ನು ದಾಟಿದ್ದಿತು. ಎಂಟು ವರ್ಷಗಳ ಶ್ರಮ ಹಿಂದಿದ್ದಿತು. ಕೆಲಸದ ಹೆಚ್ಚಿನ ಭಾಗ ಮುಂದಿದ್ದಿತು. ಅವನ ಮುಂದೆ ಸುಲಭವಾದ ಎರಡು ದಾರಿಗಳಿದ್ದವು. ಯಂತ್ರವು ಹಾಳಾಯಿತೆಂದು ಸರ್ಕಾರಕ್ಕೆ ಬರೆದು ಕೆಲಸವನ್ನು ನಿಲ್ಲಿಸುವುದು ಒಂದು. ಪೆಟ್ಟು ಅಷ್ಟೇನೂ ದೊಡ್ಡದಲ್ಲವೆಂದು ತನ್ನನ್ನೇ ನಂಬಿಸಿಕೊಂಡು ಅದೇ ಯಂತ್ರದಿಂದ ಮುಂದುವರಿಯುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯಕರವಾದುದು. ಆ ದೂರದ ಬಯಲಿನಲ್ಲಿ ಅವನ ಅಂಕಿಗಳನ್ನು ಪ್ರಶ್ನಿಸಬಲ್ಲವರು ಯಾರೂ ಇರಲಿಲ್ಲ.

ಅವನು ಮೂರನೆಯ ದಾರಿಯನ್ನು ಹಿಡಿದನು. ಆರು ವಾರಗಳ ಕಾಲ ಡೇರೆಯೊಳಗೆ ಸೇರಿಕೊಂಡು, ಮುಖ್ಯ ಕಸಬುದಾರರ ಹೊರತು ಬೇರೆ ಯಾರನ್ನೂ ಒಳಗೆ ಬಿಡದೆ, ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿದನು. ಚಪ್ಪಟೆಯಾದ ದೊಡ್ಡದೊಂದು ಹಲಗೆಯಲ್ಲಿ ಮೂಲವೃತ್ತದ ಅಳತೆಗೆ ಸರಿಯಾದ ವೃತ್ತವನ್ನು ಕೊರೆದನು. ಬಾಗಿದ ಲೋಹದ ವೃತ್ತವನ್ನು ಬೆಣೆ, ತಿರುಪು, ರಾಟೆಗಳ ಸಹಾಯದಿಂದ ದಿನಕ್ಕಿಷ್ಟಿಷ್ಟರಂತೆ ಹೊರಕ್ಕೆ ಎಳೆಯುತ್ತ, ಹಲಗೆಯ ವೃತ್ತಕ್ಕೆ ಹೊಂದಿಸುತ್ತ ಹೋದನು. ಡೊಂಕಾದ ಅರಗಳನ್ನು ಮರದ ಸಣ್ಣ ಕೊಡತಿಗಳಿಂದ ಬಡಿದು ನೇರಗೊಳಿಸಲಾಯಿತು. ಆರು ವಾರಗಳ ಕೊನೆಗೆ ವೃತ್ತವು ಬಹುಮಟ್ಟಿಗೆ ಮೊದಲಿನ ಆಕಾರವನ್ನು ಪಡೆಯಿತು, ಮೋಜಣಿ ಮುಂದುವರಿಯಿತು.

5

ಈ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಮುಖ್ಯನು ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟ್. ಎವರೆಸ್ಟನು ಮೋಜಣಿಗೆ ಸೇರಿದುದು 1818ರಲ್ಲಿ. ಆದುದರಿಂದ ಅವನು ತಂಜಾವೂರಿನ ಘಟನೆಯ ಪ್ರತ್ಯಕ್ಷಸಾಕ್ಷಿಯಲ್ಲ. ಗುರುವಿನ ಸ್ಥಾನದಲ್ಲಿದ್ದವನ ಕಥೆಯನ್ನು ಶಿಷ್ಯಸ್ಥಾನದಲ್ಲಿದ್ದವನು ಹೇಳುವಾಗ ಗೌರವದ ಬಣ್ಣ ಸ್ವಲ್ಪ ಸೇರುವುದು ಸ್ವಾಭಾವಿಕ. ಈ ಎಚ್ಚರಿಕೆಯಿಂದ ಓದಿದರೂ ವೃತ್ತಾಂತದಿಂದ ಮೂರು ಅಂಶಗಳು ಹೊರಪಡುತ್ತವೆ.

ಮೊದಲನೆಯದಾಗಿ, ಲ್ಯಾಂಬ್ಟನ್ನನ ಧೈರ್ಯವು ಜ್ಞಾನದ ಮೇಲೆ ನಿಂತುದು. ಯಂತ್ರವನ್ನು ಬಳಸುವವನಿಗೆ ಅದರ ನಿರ್ಮಾಣ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಆದರೆ ಬಿಚ್ಚಿದುದನ್ನು ಮತ್ತೆ ಕೂಡಿಸಬಲ್ಲೆನೆಂಬ ತಿಳಿವು ಮೊದಲೇ ಇಲ್ಲದವನು ಬಿಚ್ಚುವ ಸಾಹಸಕ್ಕೆ ಕೈಹಾಕಲಾರನು. ಸಂಕಟದ ದಿನ ಕಲಿತ ವಿದ್ಯೆಯಲ್ಲ ಅದು. ಸಂಕಟವಿಲ್ಲದ ವರ್ಷಗಳಲ್ಲಿ ಕೂಡಿಟ್ಟುದು.

ಎರಡನೆಯದಾಗಿ, ಅವನು ಆತುರಪಡಲಿಲ್ಲ. ಒತ್ತಡವು ಹೆಚ್ಚಿದಂತೆ ಬೇಗ ಮುಗಿಸಬೇಕೆಂಬ ಪ್ರೇರಣೆ ಹೆಚ್ಚುವುದು ಮನುಷ್ಯಸ್ವಭಾವ. ಬಾಗಿದ ಲೋಹವನ್ನು ಒಂದೇ ಪೆಟ್ಟಿಗೆ ನೇರ ಮಾಡಹೋದರೆ ಅದು ಬಿರಿಯುತ್ತದೆ; ಇಲ್ಲವೇ ಇನ್ನೊಂದೆಡೆ ಬಾಗುತ್ತದೆ. ಆರು ವಾರಗಳ ವಿಳಂಬವನ್ನು ಒಪ್ಪಿಕೊಂಡುದರಿಂದಲೇ ವರ್ಷಗಳ ವಿಳಂಬವು ತಪ್ಪಿತು. ಡೇರೆಯ ಬಾಗಿಲನ್ನು ಮುಚ್ಚಿಸಿದುದೂ ಇದೇ ವಿವೇಕದ ಒಂದು ಭಾಗವೆಂದು ತೋರುತ್ತದೆ. ನೋಡಲು ಬಂದವರ ಕುತೂಹಲಕ್ಕೂ ಸಲಹೆಗಳಿಗೂ ಉತ್ತರ ಹೇಳುತ್ತ ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸವನ್ನು ಮಾಡಲಾಗದು.

ಮೂರನೆಯದೇ ಮುಖ್ಯವಾದುದು. ದುರಸ್ತಿ ಮಾಡುವಾಗ ಅವನು ತನ್ನ ಕಣ್ಣಂದಾಜನ್ನು ನಂಬಲಿಲ್ಲ. ಹಲಗೆಯ ಮೇಲೆ ಒಂದು ಪ್ರಮಾಣವೃತ್ತವನ್ನು ಮೊದಲು ಕೊರೆದನು. ಶ್ರೀರಂಗಪಟ್ಟಣದ ಕತ್ತಲೆಯಲ್ಲಿ ನಕ್ಷತ್ರಗಳು ಯಾವ ಕೆಲಸ ಮಾಡಿದುವೋ ತಂಜಾವೂರಿನಲ್ಲಿ ಆ ಹಲಗೆ ಅದೇ ಕೆಲಸವನ್ನು ಮಾಡಿತು. ದುರಸ್ತಿಯ ನಂತರವೂ ಆತ ತನ್ನ ಯಂತ್ರವನ್ನು ಪರೀಕ್ಷೆಯಿಂದ ತಪ್ಪಿಸಲಿಲ್ಲ. ತ್ರಿಕೋನದ ಮೂರು ಕೋನಗಳ ಮೊತ್ತವು ಎಷ್ಟಿರಬೇಕೆಂಬುದು ಗೊತ್ತಿರುವ ಸಂಗತಿ. ಮೂರನ್ನೂ ಅಳೆದರೆ ತಪ್ಪು ತಾನಾಗಿ ಹೊರಬೀಳುತ್ತದೆ. ಅಲ್ಲದೆ 1811ರಲ್ಲಿ ಗುತ್ತಿಯ ಬಳಿಯೂ 1815ರಲ್ಲಿ ಬೀದರಿನ ಬಳಿಯೂ ಹೊಸ ಆಧಾರರೇಖೆಗಳನ್ನು ನೆಲದ ಮೇಲೆ ಅಳೆದು, ತ್ರಿಕೋನಗಳಿಂದ ಬಂದ ಉದ್ದದೊಡನೆ ಹೋಲಿಸುವ ಕ್ರಮವನ್ನು ಅವನು ಮುಂದುವರಿಸಿದನು.

6

ಇಷ್ಟರಿಂದ ಲ್ಯಾಂಬ್ಟನ್ನನ ಕಾರ್ಯವು ನಿರ್ದುಷ್ಟವಾಗಿದ್ದಿತೆಂದು ಹೇಳುವುದು ಸರಿಯಾಗದು. ವೃತ್ತಾಂತದಲ್ಲಿರುವ 'ಬಹುಮಟ್ಟಿಗೆ' ಎಂಬ ಮಾತನ್ನು ಚರಿತ್ರಕಾರನು ಮರೆಯಬಾರದು. ಬಹುಮಟ್ಟಿಗೆ ದುಂಡಾದ ವೃತ್ತವು ದುಂಡಾದ ವೃತ್ತವಲ್ಲ. ವೃತ್ತದ ಕೇಂದ್ರವು ಸ್ವಲ್ಪ ಸರಿದಿದ್ದರೆ ಎದುರುಬದುರಿನ ಎರಡು ಕಡೆ ಓದಿ ಸರಾಸರಿ ತೆಗೆದರೆ ಆ ದೋಷವು ಕಳೆಯುತ್ತದೆ. ಆದರೆ ವೃತ್ತವೇ ಅಂಡಾಕಾರಕ್ಕೆ ತಿರುಗಿದ್ದರೆ ಆ ಉಪಾಯವು ಸಾಲದು. ವೃತ್ತದ ಬೇರೆ ಬೇರೆ ಮನೆಗಳಿಂದ ಆರಂಭಿಸಿ ಒಂದೇ ಕೋನವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದವನು ಎವರೆಸ್ಟ್. 1830ರಲ್ಲಿ ಅವನು ಇಂಗ್ಲೆಂಡಿನಿಂದ ಹೊಸ ಉಪಕರಣಗಳೊಡನೆ ಹಿಂದಿರುಗಿದ ಮೇಲೆ ಹಳೆಯ ಥಿಯೊಡೊಲೈಟನ್ನು ಯಂತ್ರಶಿಲ್ಪಿಯಾದ ಹೆನ್ರಿ ಬ್ಯಾರೋನಿಂದ ಪುನರ್ನಿರ್ಮಿಸಿಕೊಂಡನು. ಬೀದರಿನ ಆಧಾರರೇಖೆಯನ್ನು 1841ರಲ್ಲಿ ಆಂಡ್ರೂ ವಾ ಎಂಬವನು ಕಾಲ್ಬಿಯ ಸಲಾಕೆಗಳಿಂದ ಹೊಸದಾಗಿ ಅಳೆದನು. ಕಬ್ಬಿಣ ಹಿತ್ತಾಳೆಗಳೆರಡನ್ನೂ ಜೋಡಿಸಿ, ಶಾಖದಿಂದಾಗುವ ಹಿಗ್ಗುಕುಗ್ಗುಗಳು ಒಂದನ್ನೊಂದು ಕಳೆಯುವಂತೆ ಮಾಡಿದ ಸಲಾಕೆಗಳವು. ಮುಂದೆ 1868ರಲ್ಲಿ ಬೆಂಗಳೂರಿನ ಬಳಿ, 1869ರಲ್ಲಿ ಕನ್ಯಾಕುಮಾರಿಯ ಬಳಿ ಅದೇ ಸಲಾಕೆಗಳಿಂದ ಆಧಾರರೇಖೆಗಳನ್ನು ಅಳೆದು, ದಕ್ಷಿಣದ ತ್ರಿಕೋನಜಾಲವನ್ನು ಪುನಃ ಸಿದ್ಧಪಡಿಸಲಾಯಿತು. ಲ್ಯಾಂಬ್ಟನ್ನನ ಅಂಕಿಗಳ ಜಾಗವನ್ನು ಬೇರೆ ಅಂಕಿಗಳು ಪಡೆದವು.

ಹಾಗಾದರೆ ಡೇರೆಯೊಳಗಿನ ಆ ಆರು ವಾರಗಳು ನಿಷ್ಫಲವಾದುವೇ? ಹಾಗೆಂದು ಭಾವಿಸಲಾಗದು. 1808ರಲ್ಲಿ ಮೋಜಣಿಯು ನಿಂತಿದ್ದರೆ, ವೆಚ್ಚಕ್ಕೆ ಹೆದರಿದ ಸರ್ಕಾರವು ಅದನ್ನು ಮತ್ತೆ ಆರಂಭಿಸುತ್ತಿದ್ದಿತೇ ಎಂಬುದು ಸಂದೇಹಾಸ್ಪದ. ಕನ್ಯಾಕುಮಾರಿಯ ಸಮೀಪದಿಂದ ಬೀದರಿನವರೆಗೆ ಸುಮಾರು ಹತ್ತು ಅಕ್ಷಾಂಶಗಳ ಉದ್ದದ ರೇಖೆಯು 1815ರ ವೇಳೆಗೆ ಸಿದ್ಧವಾದುದರಿಂದಲೇ 1818ರಲ್ಲಿ ಮೋಜಣಿಯು ಗವರ್ನರ್ ಜನರಲ್ಲನ ನೇರ ಆಡಳಿತಕ್ಕೆ ಸೇರಿ 'ಮಹಾ ತ್ರಿಕೋನಮಿತಿ ಮೋಜಣಿ' ಎಂಬ ಹೆಸರನ್ನು ಪಡೆಯಿತು. ಹಿಮಾಲಯದ ಬುಡದವರೆಗೆ ಮುಂದುವರಿಯಲು ಸಾಧ್ಯವಾಯಿತು. ಅದಕ್ಕಿಂತಲೂ ಮುಖ್ಯವಾಗಿ, ಅವನ ತಪ್ಪುಗಳನ್ನು ಉತ್ತರಾಧಿಕಾರಿಗಳು ಕಂಡುಹಿಡಿದುದು ಅವನೇ ರೂಢಿಸಿದ ಪರಿಶೀಲನೆಯ ಮಾರ್ಗದಿಂದ. ಒತ್ತಡದಲ್ಲಿ ಮಾಡಿದ ಕೆಲಸವನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಎಂದೂ ತಪ್ಪದ ಕೆಲಸವು ಮನುಷ್ಯನಿಂದ ಸಾಧ್ಯವಿಲ್ಲ. ತಪ್ಪಿದುದನ್ನು ಮುಂದಿನವನು ಗುರುತಿಸಿ ತಿದ್ದುವಂತೆ ಬಿಟ್ಟುಹೋದ ಕೆಲಸವು ಸಾಧ್ಯ.

7

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಪರಾಮರ್ಶೆ ಅಪೂರ್ಣವಾಗುತ್ತದೆ. ಡೇರೆಯೊಳಕ್ಕೆ ಪ್ರವೇಶ ದೊರೆತವರು ಮುಖ್ಯ ಕಸಬುದಾರರು ಮಾತ್ರವೆಂದು ವೃತ್ತಾಂತವು ಹೇಳುತ್ತದೆ. ಅವರು ಯಾರು, ಯಾವ ಊರಿನವರು ಎಂಬುದನ್ನು ಹೇಳುವುದಿಲ್ಲ. ಬೆಣೆಯನ್ನು ಬಡಿದ ಕೈ, ಕೊಡತಿಯನ್ನು ಹಿಡಿದ ಕೈ, ಅರ್ಧ ಟನ್ನಿನ ಯಂತ್ರವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತ ಹೆಗಲು, ಇವುಗಳ ಒಡೆಯರ ಹೆಸರು ಕಥೆಯಲ್ಲಿ ಉಳಿಯಲಿಲ್ಲ. ಒತ್ತಡವೆಲ್ಲವೂ ಅಧಿಕಾರಿಯ ಮೇಲೆಯೇ ಬಿದ್ದಿತೆಂಬಂತೆ ಬರೆದ ಕಥೆಗಳು ಅರ್ಧಸತ್ಯಗಳು. ಇದಕ್ಕೆ ಸಮಾಧಾನವೆನ್ನಬಹುದಾದ ಅಂಶವೊಂದಿದೆ. ಬ್ಯಾರೋ ಸೇವೆಯನ್ನು ಬಿಟ್ಟ ಮೇಲೆ 1840ರ ದಶಕದಲ್ಲಿ ಮೋಜಣಿಯ ಯಂತ್ರಶಿಲ್ಪಿಯ ಹುದ್ದೆಗೆ ಬಂದವನು ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್. ಮದರಾಸಿನಲ್ಲಿ ಆಭರಣದ ಕೆಲಸದಿಂದ ಜೀವನ ಆರಂಭಿಸಿ, ಥಿಯೊಡೊಲೈಟಿನ ವೃತ್ತಗಳಲ್ಲಿ ಸೂಕ್ಷ್ಮ ವಿಭಾಗಗಳನ್ನು ಕೊರೆಯುವ ನೈಪುಣ್ಯವನ್ನು ಅವನು ಸಂಪಾದಿಸಿದನು. ಪ್ರಶಂಸೆಯಲ್ಲಿ ಜಿಪುಣನಾಗಿದ್ದ ಎವರೆಸ್ಟನೂ ಅವನನ್ನು ಮುಕ್ತವಾಗಿ ಮೆಚ್ಚಿದನು. ತಂಜಾವೂರಿನ ಡೇರೆಯ ಅಜ್ಞಾತ ಕಸಬುದಾರರಲ್ಲಿಯೂ ಇಂಥವರಿದ್ದಿರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಲ್ಯಾಂಬ್ಟನ್ 1823ರ ಜನವರಿ 20ರಂದು, ಹೈದರಾಬಾದಿನಿಂದ ನಾಗಪುರದ ಕಡೆಗೆ ಪಯಣಿಸುತ್ತಿದ್ದಾಗ, ಹಿಂಗಣಘಾಟಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ 1,65,000 ಚದರ ಮೈಲಿಗಳ ಪ್ರದೇಶವು ಅವನ ತ್ರಿಕೋನಗಳೊಳಗೆ ಸೇರಿದ್ದಿತು. ತಂಜಾವೂರಿನಲ್ಲಿ ಬಾಗಿ ನೇರವಾದ ಯಂತ್ರವು ಕಡೆಯವರೆಗೂ ಅವನ ಮೋಜಣಿಯಲ್ಲಿ ದುಡಿಯಿತು.